ಅರ್ಕದ ದೇಗಿಗೆ ಬಿದ್ದ ಕರಿ ಎಣ್ಣೆ

ಮಾನ್ವಿಯಲ್ಲಿ ಗ್ಯಾಸ್‌ಬತ್ತಿ ತಾಯಪ್ಪ ಎಂದರೆ ಗೊತ್ತಿಲ್ಲದವರಿರಲಿಲ್ಲ. ಬರೀ ತಾಯಪ್ಪ ಎಂದರೆ ‘ಯಾವ ತಾಯಪ್ಪ’ ಎಂದು ಕೇಳುತ್ತಿದ್ದರು. ಜರ್ಮನಿಯವರ ಯುದ್ಧ ಶುರುವಾಗಿ, ಸೀಮೆಎಣ್ಣೆ ಕಂಟ್ರೋಲಿಗೆ ಬಿದ್ದು, ಒಂದು ಕಾರ್ಡಿಗೆ ತಿಂಗಳಿಗೆ ಅರ್ಧ ಬಾಟಲಿ ಅಳೆದು ಕೊಡುವ ಕಾಲ ಬಂದ ಮೇಲೆ ಬತ್ತಿ ಹೋಯಿತು, ಹೆಸರು ಮಾತ್ರ ಉಳಿಯಿತು. ಉರಿಯದ ಬತ್ತಿಯ ಹೆಸರಿಟ್ಟುಕೊಂಡು ಮನುಷ್ಯ ಏನು ಮಾಡಬೇಕು, ನೀವೇ ಹೇಳಿ. ತಾಯಪ್ಪನಿಗೂ ಅದು ಗೊತ್ತಾಗಲಿಲ್ಲ.

ಗ್ಯಾಸ್‌ಬತ್ತಿಯ ಕಸುಬೆಂದರೆ ಬೆಳಕನ್ನು ಬಾಡಿಗೆಗೆ ಕೊಡುವುದು. ಮದುವೆ, ಬಯಲಾಟ, ಉರುಸು, ಎಲ್ಲದಕ್ಕೂ ತಾಯಪ್ಪನೇ ಬೇಕಿತ್ತು. ಬತ್ತಿಯ ಹೊಟ್ಟೆಗೆ ಸೀಮೆಎಣ್ಣೆ ಸುರಿದು, ಸ್ಪಿರಿಟ್ ಹಚ್ಚಿ ಮೇಲಿನ ಕೊಳವೆಯನ್ನು ಕಾಯಿಸಿ, ಪಂಪು ಹೊಡೆದರೆ ಎಣ್ಣೆ ಆವಿಯಾಗಿ ಮೇಲೇರಿ ಬಲೆಯ ಚೀಲದೊಳಗೆ ಬೆಳ್ಳಗೆ ಉರಿಯುತ್ತದೆ. ಮೆರವಣಿಗೆಯಿದ್ದರೆ ಅದನ್ನು ತಲೆಯ ಮೇಲೆ ಸಿಂಬೆಯಿಟ್ಟು ಹೊರಬೇಕು. ಎಲ್ಲಕ್ಕಿಂತ ದೊಡ್ಡ ಬತ್ತಿಗೆ ತಾಯಪ್ಪ ‘ದೊಡ್ಡಪ್ಪ’ ಎಂದು ಹೆಸರಿಟ್ಟಿದ್ದ. ಅದನ್ನು ಹೊರುತ್ತಿದ್ದವಳು ಅವನ ಹೆಂಡತಿ ಕನಕಮ್ಮ. ಅವಳು ಬೆಳಕು ಹೊತ್ತು ನಡೆಯುವಳು, ಇವನು ಪಕ್ಕದಲ್ಲಿ ಮಾತಾಡುತ್ತ ನಡೆಯುವನು. ಮದುಮಗನ ಸೋದರಮಾವ ಹೇಗೆ ಉಂಡ, ಕುದುರೆ ಯಾಕೆ ಮುನಿಸಿಕೊಂಡಿದೆ, ಬಾಜಾದವನ ಗಲ್ಲ ಊದಿದ್ದು ಊದಿದಂತೆಯೇ ಉಳಿದರೆ ಮನೆಯವರು ಗುರುತಿಸುತ್ತಾರೋ ಇಲ್ಲವೋ, ಎಲ್ಲ ಹೇಳುವನು. ಕತ್ತು ತಿರುಗಿಸಲಾರದ ಕನಕಮ್ಮ ಮುಂದೆ ನೋಡುತ್ತಲೇ ನಗುವಳು. ಅವಳು ನಕ್ಕಾಗ ಊರ ಗೋಡೆಗಳ ಮೇಲೆಲ್ಲ ನೆರಳು ಕುಣಿಯುತ್ತಿತ್ತು. ಹಿಂದಿನವರು, ಬತ್ತಿ ನೆಟ್ಟಗೆ ಹಿಡಿಯವ್ವಾ ಎಂದು ಬಯ್ಯುತ್ತಿದ್ದರು.

ಎಣ್ಣೆ ನಿಂತ ದಿನದಿಂದ ತಾಯಪ್ಪನ ಬಾಯೂ ನಿಂತಿತು. ಬೆಳಗಾದರೆ ಬತ್ತಿಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟುಕೊಂಡು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತ ಕೂರುವನು. ಕನಕಮ್ಮ ಹತ್ತಿ ಬಿಡಿಸಲು ಹೋಗುವಾಗ ತಿಕ್ಕುತ್ತಿದ್ದ, ಬರುವಾಗಲೂ ತಿಕ್ಕುತ್ತಿದ್ದ. ಉಣ್ಣುವಾಗ ಉಪ್ಪು ಬೇಕೆಂದರೆ ಕೈ ತೋರಿಸುತ್ತಿದ್ದ. ಒಂದು ವರ್ಷ ನೋಡಿದಳು ಪಾಪ. ಆಮೇಲೆ ಸೀರೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು.

“ನಾ ದೇವದುರ್ಗಕ್ಕ ಹೋಗಾಕತ್ತೀನಿ. ನನ್ನ ಕೂಡ ಮಾತಾಡಬೇಕು ಅನ್ನಿಸಿದ್ರ ಬರ್ರಿ. ಸುಮ್ಮ ಕುಂದ್ರಾಕ ಬರಬ್ಯಾಡ್ರಿ, ಸುಮ್ಮ ಕುಂದ್ರಾಕ ಅಲ್ಲಿ ನಮ್ಮಪ್ಪ ಅದಾನ.”

ಇದಕ್ಕಿಂತ ಬಿಚ್ಚಿ ಹೇಳುವುದು ಹೇಗೆ? ಆದರೆ ತಾಯಪ್ಪನ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿತು. ಬತ್ತಿಯಿಲ್ಲದ ಗಂಡ ಎಂದು ನಾಚಿಕೆಯಾಗಿದೆ ಇವಳಿಗೆ, ಬತ್ತಿ ಹಚ್ಚಿದ ದಿನ ಬರುತ್ತಾಳೆ ಎಂದುಕೊಂಡ. ಒಮ್ಮೆ ದೇವದುರ್ಗಕ್ಕೆ ಹೋಗಿಯೂ ಬಂದ. ಮಾವ ಉರುಕುಂದಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ಮಧ್ಯಾಹ್ನವೆಲ್ಲ ಬೀದಿ ನೋಡಿ, ರೊಟ್ಟಿ ತಿಂದು, ಎದ್ದು ಬಂದ. ಮಾವನಿಗೆ ಅಳಿಯನ ನಡವಳಿಕೆ ಬಹಳ ಹಿಡಿಸಿತು. ಕನಕಮ್ಮ ಒಳಗಿಂದ ಹೊರಗೆ ಬರಲಿಲ್ಲ.

ಹೀಗಿರುವಾಗ ವೀಳ್ಯದೆಲೆ ಮಾರುವ ಯಂಕಣ್ಣ, ಸಂತೆಯಿಂದ ಸಂತೆಗೆ ಅಲೆಯುವವನು, ದೇವದುರ್ಗದ ಸುದ್ದಿ ತಂದ. ಉರುಕುಂದಪ್ಪನ ಸಣ್ಣ ಮಗಳು ದುರುಗಮ್ಮನ ಮದುವೆ. “ಅಳಿಯಂದ್ರಿಗೆ ಹೇಳು, ಬತ್ತಿ ತಗೊಂಡು ಬರಬೇಕು ಅಂತ. ದೊಡ್ಡಳಿಯ ಬತ್ತಿಯಾಂವ ಇದ್ದು ಸಣ್ಣಳಿಯನ ಮದಿವಿ ಕತ್ತಲದಾಗ ಆದ್ರ ಮಂದಿ ಏನಂತಾರ ಅಂತ ಕೇಳ್ಯಾನ ನಿಮ್ಮ ಮಾವ.”

“ತರ್ತೀನಿ ಅಂತ ಹೇಳು,” ಅಂದ ತಾಯಪ್ಪ. ಬಹಳ ದಿನದ ಮೇಲೆ ಬಾಯಿಂದ ಬಂದ ಮಾತು ಅದು, ಅದೂ ಸುಳ್ಳು. ಮನೆಯಲ್ಲಿ ಒಂದು ಹನಿ ಎಣ್ಣೆ ಇಲ್ಲವೆಂಬುದು ನೆನಪಾಗುವಷ್ಟರಲ್ಲಿ ಯಂಕಣ್ಣ ಓಣಿ ದಾಟಿದ್ದ.

ಕಂಟ್ರೋಲ್ ಅಂಗಡಿಯವನು ಮದುವೆ ಎಂಬ ಶಬ್ದ ಕೇಳಿದೊಡನೆ ನಕ್ಕ. ಆ ನಗುವಿನಲ್ಲೇ ಉತ್ತರವಿತ್ತು. ಅಲ್ಲಿಂದ ತಾಯಪ್ಪ ವಿರೂಪಣ್ಣನ ಶೇಂಗಾ ಎಣ್ಣೆ ಗಿರಣಿಗೆ ಹೋದ. ವಿರೂಪಣ್ಣ ಹಣೆತುಂಬ ವಿಭೂತಿ ಹಚ್ಚಿ, ನಿಂತುಹೋದ ಎಂಜಿನ್ನಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದ. ಯುದ್ಧದ ದೆಸೆಯಿಂದ ಅವನಿಗೆ ಬಂದ ಎಂಜಿನ್ ಎಣ್ಣೆ ಕಾಕಂಬಿಯಷ್ಟು ಮಂದವಾಗಿತ್ತು. ಎಂಜಿನ್ನು ಅದನ್ನು ಒಂದು ದಿನ ಕುಡಿಯಿತು, ಎರಡನೆಯ ದಿನ ಕೆಮ್ಮಿತು, ಮೂರನೆಯ ದಿನ ನಿಂತೇ ಹೋಯಿತು. ಉಳಿದ ಎಣ್ಣೆ ಪೀಪಾಯಿಯಲ್ಲಿ ಮೂಲೆಗೆ ಬಿದ್ದಿತ್ತು.

“ಬೇಕಾರ ಒಯ್ಯಿ ಮಾರಾಯಾ,” ಅಂದ ವಿರೂಪಣ್ಣ. “ಹೋದ ವಾರ ಅದಕ್ಕೊಂದು ನಾಯಿ ಅಂಟಿಕೊಂಡಿತ್ತು. ಬಿಡಿಸಾಕ ನಾಕು ಮಂದಿ ಬೇಕಾತು. ಬಂಡಿನೂ ಒಯ್ಯಿ, ಎಣ್ಣಿ ತಿರುಗಿ ತರಬ್ಯಾಡ.”

ತಾಯಪ್ಪ ಅದನ್ನು ಸಣ್ಣ ಬತ್ತಿಗೆ ಹಾಕಿ ನೋಡಿದ. ಕೊಳವೆಯೇ ಕಟ್ಟಿಕೊಂಡಿತು. ಪಣತಿಗೆ ಹಾಕಿ ನೋಡಿದ. ಹೊಗೆ ಬಂತು, ಬೆಳಕು ಬರಲಿಲ್ಲ. ಮುಖವೆಲ್ಲ ಮಸಿ ಮಾಡಿಕೊಂಡು ಮತ್ತೆ ಗಿರಣಿಗೆ ಬಂದವನನ್ನು ನೋಡಿ ವಿರೂಪಣ್ಣ ಸಮಾಧಾನದಿಂದ ಹೇಳಿದ: “ಅದು ಭೂಮಿಯೊಳಗಿಂದ ತಗದ ಎಣ್ಣಿ. ಅದರಾಗ ನಿನ್ನ ಬತ್ತಿಗಿ ಹಾಕೋ ಚಿಮಣಿ ಎಣ್ಣಿನೂ ಅದ, ಡಾಂಬರೂ ಅದ, ಎಲ್ಲಾ ಕೂಡಿಕೊಂಡು ಕುಂತಾವು. ವಿಲಾಯತಿಯೊಳಗ ಕಾಸಿ ಕಾಸಿ ಒಂದೊಂದೇ ಬ್ಯಾರೆ ಮಾಡ್ತಾರಂತ.”

“ಕಾಸೋದು ಅಂದ್ರ, ಅರ್ಕ ತಗದಂಗ?”

“ಹಂಗ ಇರಬೇಕು. ನಾ ಏನು ವಿಲಾಯತಿ ನೋಡೀನೇನು?”

ಅರ್ಕ ಎಂದೊಡನೆ ತಾಯಪ್ಪನಿಗೆ ನೆನಪಾದವರು ರಾಯಚೂರಿನ ಶಹಜಾದಿ ಬೇಗಂ. ಕೋಟೆಯ ನವರಂಗಿ ದರವಾಜೆಯ ಹತ್ತಿರ ಅವರ ಮನೆ. ಗಂಡ ಹಕೀಮರಾಗಿದ್ದವರು. ಅವರು ತೀರಿದ ಮೇಲೆ ಓಮಿನ ಅರ್ಕ, ಸೋಂಪಿನ ಅರ್ಕ, ಗುಲಾಬಿ ನೀರು ಎಲ್ಲವನ್ನೂ ಬೇಗಂ ಒಬ್ಬರೇ ಕಾಸಿ, ಆವಿ ತಣಿಸಿ ಇಳಿಸುತ್ತಿದ್ದರು. ಕನಕಮ್ಮನ ಹೊಟ್ಟೆನೋವಿಗೆ ತಾಯಪ್ಪ ಅಲ್ಲಿಂದಲೇ ಶೀಷೆ ಒಯ್ಯುತ್ತಿದ್ದ. ಬೇಗಂ ಅವರ ಮೂಗಿನ ಬಗ್ಗೆ ಊರಲ್ಲಿ ಏನೇನೋ ಮಾತು. ಬಾಗಿಲಲ್ಲಿ ನಿಂತವನು ಬೆಳಿಗ್ಗೆ ಏನು ತಿಂದಿದ್ದಾನೆ ಎಂಬುದನ್ನು ಪರದೆಯ ಹಿಂದಿನಿಂದಲೇ ಹೇಳುತ್ತಿದ್ದರಂತೆ.

ಬಂಡಿ ಬಾಗಿಲಿಗೆ ಬಂದು ನಿಂತಾಗ ಬೇಗಂ ಹೊರಗೇ ಬಂದರು. ಪೀಪಾಯಿಯ ಮುಚ್ಚಳ ತೆಗೆಸಿ, ಕಣ್ಣುಮುಚ್ಚಿ, ಬಗ್ಗಿ ನಿಂತರು. ಬಹಳ ಹೊತ್ತು ನಿಂತರು. ಎತ್ತುಗಳು ಮುಖ ತಿರುಗಿಸಿಕೊಂಡವು.

“ಏನಂತ ತಂದೀ ಬೇಟಾ ಇದನ್ನ?”

“ಎಣ್ಣಿ ರೀ ಯವ್ವಾ.”

“ಎಣ್ಣಿ ಅಲ್ಲಪಾ ಇದು. ಇದೊಂದು ಮೊಹಲ್ಲಾ. ಭಾಳ ಮಂದಿ ಇದ್ದಾರ ಇದರಾಗ. ಮುಂದ ಒಬ್ಬ ಸಣಕಲು ಮನಿಷಾ ನಿಂತಾನ. ಅವನ ಹಿಂದ ನಿನ್ನ ಚಿಮಣಿ ಎಣ್ಣಿ ಅದ. ಅದರ ಹಿಂದ ಯಾರೋ ದಪ್ಪನಾವರು. ಕೊಳತ ತತ್ತಿ ಹಿಡಕೊಂಡು ಒಬ್ಬಾಂವ ಎಲ್ಲಾರ ನಡುವ ಅಡ್ಡಾಡಾಕತ್ತಾನ.” ಬೇಗಂ ಕಣ್ಣು ತೆರೆದರು. “ಬಿಡಿಸಬಹುದು.”

ತಾಯಪ್ಪ ತನ್ನ ಕತೆ ಹೇಳಿಕೊಂಡ. ನಾಲ್ಕೇ ಮಾತಲ್ಲಿ ಹೇಳಿದ: ಮದುವೆ, ಬತ್ತಿ, ಎಣ್ಣೆ ಇಲ್ಲ, ಹೆಂಡತಿ ಇಲ್ಲ. ಬೇಗಂ ಒಳಗೆ ಹೋಗಿ ದೇಗಿನ ಪಕ್ಕ ನಿಂತರು. ಅದು ಹಕೀಮರ ಕಾಲದ ತಾಮ್ರದ ದೊಡ್ಡ ಹಂಡೆ. ಅರ್ಕ ಇಳಿಸುವವರು ಅದಕ್ಕೆ ದೇಗು ಅನ್ನುತ್ತಾರೆ.

“ಇದರಾಗ ನಿನ್ನ ಮಾಲು ಕಾಸಿದ್ರ ಮತ್ತ ಗುಲಾಬಿ ಕಾಸಾಕ ಆಗಂಗಿಲ್ಲ,” ಅಂದರು.

“ಹಂಗಾರ ಬ್ಯಾಡ ಬಿಡ್ರಿ ಯವ್ವಾ.”

“ಗುಲಾಬಿ ಎಲ್ಲದ ಈಗ? ರೈಲಿನಾಗ ಹೂವು ಬರ್ತಿತ್ತು, ಈಗ ಸಿಪಾಯಿಗಳು ಬರ್ತಾರ. ಎರಡು ವರ್ಷ ಆತು, ಸುಮ್ಮ ಕುಂತದ ಇದು. ನಾನೂ ಸುಮ್ಮ ಕುಂತೀನಿ.” ಬೇಗಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಹಕೀಮಸಾಬರು ಇದ್ದಿದ್ರ ಇಷ್ಟೊತ್ತಿಗೆ ಒಲಿ ಹಚ್ಚಿಬಿಡ್ತಿದ್ರು. ಸುರಿ ಒಳಗ.”

ಹಿಟ್ಟಿನ ಕಣಕದಿಂದ ದೇಗಿನ ಬಾಯಿ ಮೆತ್ತುವುದು ಪದ್ಧತಿ. ಈ ಎಣ್ಣೆಯ ಕಾವಿಗೆ ಹಿಟ್ಟು ಸುಟ್ಟು ರೊಟ್ಟಿಯಾಗುತ್ತದೆಂದು ಬೇಗಂ ಎರೆಮಣ್ಣಿಗೆ ಹತ್ತಿ ಕಲಸಿ ಮೆತ್ತಿಸಿದರು. ಮುಚ್ಚಳದಿಂದ ಹೊರಟ ತಾಮ್ರದ ಕೊಳವೆ ಗೋಡೆಯ ಕಿಂಡಿ ದಾಟಿ ಆಚೆಯ ಕೋಣೆಯಲ್ಲಿ ನೀರಿನ ಬಾನಿಯೊಳಗಿಟ್ಟ ಕೊಡಕ್ಕೆ ಇಳಿಯುತ್ತಿತ್ತು. ಅರ್ಕಕ್ಕೆ ಒಲೆಯ ಹೊಗೆ ತಗಲಬಾರದೆಂದು ಹಕೀಮರು ಮಾಡಿಸಿದ ವ್ಯವಸ್ಥೆ ಅದು. ಬೆಂಕಿ ಗೋಡೆಯ ಈಚೆಗೆ, ಎಣ್ಣೆ ಗೋಡೆಯ ಆಚೆಗೆ. ಆ ಗೋಡೆಯಿಂದಲೇ ಇಬ್ಬರೂ ಅವತ್ತು ಬದುಕಿದರು. ಅದು ಇಬ್ಬರಿಗೂ ಗೊತ್ತಾಗಲಿಲ್ಲ.

ಹತ್ತಿಕಟ್ಟಿಗೆಯ ಉರಿ ಹಾಕಿದರು. ಮೊದಲು ದೇಗು ಬಿಕ್ಕಳಿಸಿತು. ಎಣ್ಣೆಯೊಳಗೆ ಅವಿತಿದ್ದ ನೀರು ಧಡ್ ಧಡ್ ಎಂದು ಹಾರಿ ಮುಚ್ಚಳವನ್ನು ಒದೆಯಿತು. ತಾಯಪ್ಪ ಮುಚ್ಚಳದ ಮೇಲೆ ಬೀಸುಕಲ್ಲು ಹೇರಿ, ಅದರ ಮೇಲೆ ತಾನೂ ಕೂರಲು ಹೊರಟ. ಬೇಗಂ ಬೇಡವೆಂದರು. ಬಿಕ್ಕಳಿಕೆ ನಿಂತ ಮೇಲೆ ಆಚೆಯ ಕೋಣೆಯಲ್ಲಿ ಹನಿ ಬಿದ್ದ ಸದ್ದಾಯಿತು. ಇಬ್ಬರೂ ಓಡಿದರು.

ಆ ಕರಿ ಕೆಸರಿನಿಂದ ಬಂದದ್ದು ಕಣ್ಣೀರಿನಷ್ಟು ತಿಳಿಯಾಗಿತ್ತು. ತಾಯಪ್ಪ ನೋಡಿದ್ದನ್ನು ನಂಬಲಿಲ್ಲ, ಬಾಯಿ ಮಾತ್ರ ತಾನಾಗಿಯೇ ತೆರೆದುಕೊಂಡಿತು. ಬೇಗಂ ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟರು. ನೋಡನೋಡುತ್ತಲೇ ಹನಿ ಆರಿಹೋಯಿತು, ಕಾಗದದ ಮೇಲೆ ಗುರುತೇ ಇಲ್ಲ.

“ನೋಡು,” ಅಂದರು ಬೇಗಂ, “ಕಲೆ ಸುದ್ದಾ ಬಿಡಲಿಲ್ಲ. ಅಸಲ್ ಮಾಲು.”

ಅರ್ಕದ ಮನೆಯ ರಿವಾಜು ಇಲ್ಲಿ ಹೇಳಬೇಕು. ದೇಗಿನಿಂದ ಮೊದಲು ಇಳಿಯುವುದು ಎಲ್ಲಕ್ಕಿಂತ ಶ್ರೇಷ್ಠ. ಗುಲಾಬಿಯ ಜೀವವೆಲ್ಲ ಮೊದಲ ಬಟ್ಟಲಲ್ಲೇ ಬಂದುಬಿಡುತ್ತದೆ. ಅದನ್ನು ಬೇರೆ ಸುರಾಹಿಯಲ್ಲಿ ಹಿಡಿದು ಮೇಣದಿಂದ ಬಾಯಿ ಮುಚ್ಚಿ ಮಾನವಂತರಿಗೆ ಎತ್ತಿಡುತ್ತಾರೆ. ಎರಡನೆಯದು ಅಂಗಡಿಗೆ. ಮೂರನೆಯದು ಕಾಲು ತೊಳೆಯುವುದಕ್ಕೆ. ಮೊದಲಿನದನ್ನು ಅತಿಥಿಗಿಂತ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಹಕೀಮರು ಸಾಯುವ ತನಕ ಈ ಮಾತು ಮುರಿದವರಲ್ಲ.

“ಹನಿ ಬತ್ತಿಗಿ ಹಾಕಿ ಹಚ್ಚಿ ನೋಡೂನ್ರಿ?” ಅಂದ ತಾಯಪ್ಪ. ಹೊಸ ಎಣ್ಣೆ ಬಂದರೆ ಮೊದಲು ಸಣ್ಣ ಬತ್ತಿಗೆ ಹಾಕಿ ನೋಡುವುದು ಅವನ ಕಸುಬಿನ ಅಭ್ಯಾಸ.

“ಮೊದಲಿಂದು ಯಾರಾರ ರುಚಿ ನೋಡ್ತಾರೇನು? ಇದು ಮದಮಕ್ಕಳ ಮುಂದ ಹಚ್ಚಾಕ. ಅವರಕಿಂತ ಮುಂಚೆ ನಾವು ನೋಡಿದ್ರ ಮರ್ಯಾದಿ ಅಲ್ಲ,” ಅಂದರು ಬೇಗಂ. ಸುರಾಹಿಗೆ ಮೇಣ ಬಿತ್ತು. ತಾಯಪ್ಪ ತಲೆ ಬಾಗಿಸಿ ಎರಡೂ ಕೈಯಲ್ಲಿ ತೆಗೆದುಕೊಂಡ.

ಉರಿ ಜೋರಾದಂತೆ ಎರಡನೆಯದು ಬಂತು. ಹಳದಿ ಬಣ್ಣ, ಸೀಮೆಎಣ್ಣೆಯದೇ ವಾಸನೆ, ಜೊತೆಗೆ ಆ ಕೊಳೆತ ತತ್ತಿಯವನು. ಬೇಗಂ ಅದಕ್ಕೆ ಸುಣ್ಣದ ತಿಳಿ ಹಾಕಿ ಕುಲುಕಿದರು. ತತ್ತಿಯವನು ಅರ್ಧ ಹೋದ, ಅರ್ಧ ಉಳಿದ. ಆಮೇಲೆ ತಾವು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯನ್ನು ಹುರಿದು, ಬಟ್ಟೆಯಲ್ಲಿ ಕಟ್ಟಿ, ಅದರ ಮೂಲಕ ಸೋಸಿದರು. ಬಣ್ಣವೆಲ್ಲ ಮಣ್ಣಿಗೆ ಹಿಡಿದು ಎಣ್ಣೆ ತೆಳ್ಳಗೆ ಕೆಳಗಿಳಿಯಿತು. ಅದನ್ನು ಸಣ್ಣ ಬತ್ತಿಗೆ ಹಾಕಿ ಪಂಪು ಹೊಡೆದಾಗ ಬಲೆ ಮೊದಲು ಕೆಂಪಗಾಗಿ, ಆಮೇಲೆ ಬೆಳ್ಳಗಾಯಿತು. ಬತ್ತಿ ಸುಯ್ ಎಂದು ಒಂದೇ ಸಮನೆ ಉಸಿರಾಡತೊಡಗಿತು. ತಾಯಪ್ಪ ಗೋಡೆಗೆ ಒರಗಿ ಕೂತು ಅತ್ತ. ಬೇಗಂ ಮುಲ್ತಾನಿ ಮಿಟ್ಟಿಯ ಗಂಟನ್ನು ಮೂಸುತ್ತ ಆಚೆ ತಿರುಗಿ ನಿಂತರು, ಅವನು ಅತ್ತು ಮುಗಿಸಲಿ ಎಂದು.

ಮೂರನೆಯದು ಹಸಿರು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳೆಯುತ್ತಿತ್ತು. ಹಚ್ಚಿದರೆ ಹೊಗೆಯೇ ಹೆಚ್ಚು. ನಾಲ್ಕನೆಯದು ಕೊಡಕ್ಕೆ ಇಳಿದು ತಣ್ಣಗಾದ ಮೇಲೆ ತುಪ್ಪದಂತೆ ಹೆಪ್ಪುಗಟ್ಟಿತು. ಬಂಡಿಯ ಅಚ್ಚಿಗೆ ಆದೀತೆಂದು ತಾಯಪ್ಪ ಅದನ್ನು ಕೀಲೆಣ್ಣೆಯ ಬಿದಿರು ಗೊಟ್ಟಕ್ಕೆ ತುಂಬಿಕೊಂಡ. ದೇಗಿನ ತಳದಲ್ಲಿ ಉಳಿದದ್ದು ಡಾಂಬರು. ಬೇಗಂ ಅದನ್ನು ಕೋಲಿನಿಂದ ಚುಚ್ಚಿ, “ಎಲ್ಲಾರ ಮಾರಿ ಮ್ಯಾಲಿನ ಕಪ್ಪೂ ಇಂವ ಒಬ್ಬನದ ಆಗಿತ್ತು,” ಅಂದರು.

ಹೊರಡುವ ಮುಂಚೆ ದೇಗನ್ನು ತೊಳೆದು, ಬೂದಿ ಹಾಕಿ ತಿಕ್ಕಿ, ಒಮ್ಮೆ ಓಮಿನ ಅರ್ಕ ಇಳಿಸಿ ನೋಡಿದರು. ಓಮಿನ ಹಿಂದೆ ಸೀಮೆಎಣ್ಣೆ ಬಂದು ನಿಂತಿತ್ತು. ಅಜೀರ್ಣಕ್ಕೆ ಅರ್ಕ ಕೇಳಿಕೊಂಡು ಬಂದ ಪೋಲೀಸ್ ಜವಾನ ಅಲ್ಲಾಉದ್ದೀನ್ ಬೇಡವೆಂದರೂ ಕೇಳದೆ ಅದನ್ನೇ ಕುಡಿದು, ಮೀಸೆ ಒರೆಸಿಕೊಂಡು, ಇಷ್ಟು ದಿನ ಬರೀ ನೀರು ಕೊಡ್ತಿದ್ರಿ, ಈಗ ದವಾಖಾನಿ ಔಷಧ ಆಗ್ಯದ ಎಂದು ಹೇಳಿ ಹೋದ. ಬೇಗಂ ಶೀಷೆಯ ಬಾಯಿ ಮೂಸಿ, ಮುಚ್ಚಿ, ಗೂಡಿನಲ್ಲಿಟ್ಟರು. ತಾಯಪ್ಪ ಮತ್ತೊಮ್ಮೆ ಬೂದಿ ಹಾಕಿ ದೇಗು ತಿಕ್ಕಲು ಕೂತ.

“ಹೆಂಡ್ತಿನ್ನ ಕರಕೊಂಡು ಬಾ,” ಅಂದರು ಬೇಗಂ. “ಬರೇ ಬತ್ತಿ ಹಚ್ಚಿ ಬರಬ್ಯಾಡ.”

ದೇವದುರ್ಗದಲ್ಲಿ ಉರುಕುಂದಪ್ಪನ ಮನೆಯ ಮುಂದೆ ಹಂದರ ಹಾಕಿದ್ದರು. ಅಕ್ಷತೆ ಸಂಜೆಗೆ. ಬಂಡಿ ನಿಂತಾಗ ಕನಕಮ್ಮ ಹಂದರದ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದವಳು ತಲೆ ಎತ್ತಿದಳು.

“ಬಂದ್ರಿ?”

“ಹೂಂ.”

“ಏನರ ಹೇಳೋದು ಅದ ಏನು?”

ತಾಯಪ್ಪನ ಹೊಟ್ಟೆಯೊಳಗೆ ಹೇಳುವುದು ಬೇಕಾದಷ್ಟಿತ್ತು. ದೇಗಿನ ಬಿಕ್ಕಳಿಕೆ ಇತ್ತು, ತತ್ತಿಯವನಿದ್ದ, ಗೋಡೆಗೆ ಒರಗಿ ಅತ್ತದ್ದಿತ್ತು. ದಾರಿಯುದ್ದಕ್ಕೂ ಎತ್ತುಗಳ ಮುಂದೆ ಒಂದು ಮಾತು ಬಾಯಿಪಾಠ ಮಾಡಿಕೊಂಡೂ ಬಂದಿದ್ದ: ನೀ ಇಲ್ಲದ ಮನ್ಯಾಗ ಇರಾಕ ಆಗವಲ್ದು. ಅವಳ ಮುಖ ನೋಡಿದ ಕೂಡಲೇ ಅದನ್ನು ಬಿಟ್ಟು ಬಂಡಿಯ ಕಡೆ ಕೈ ತೋರಿಸಿದ.

“ಬತ್ತಿ ತಂದೀನಿ,” ಅಂದ.

ಕನಕಮ್ಮ ರಂಗೋಲಿಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ರಂಗೋಲಿ ಅರ್ಧಕ್ಕೇ ಉಳಿಯಿತು.

ಹೊತ್ತು ಮುಳುಗಿತು. ಎರಡನೆಯ ಎಣ್ಣೆ ತುಂಬಿದ ನಾಲ್ಕು ಸಣ್ಣ ಬತ್ತಿಗಳು ಹಂದರದ ನಾಲ್ಕು ಮೂಲೆಯಲ್ಲಿ ಹತ್ತಿಕೊಂಡವು. ಯುದ್ಧ ಶುರುವಾದ ಮೇಲೆ ಇಷ್ಟು ಬೆಳಕನ್ನು ಯಾರೂ ಕಂಡಿರಲಿಲ್ಲ. ಜನ ಒಬ್ಬರನ್ನೊಬ್ಬರು ನೋಡಿ, ಎಷ್ಟು ವಯಸ್ಸಾಗಿದೆಯಲ್ಲ ಇವನಿಗೆ ಎಂದು ಆಶ್ಚರ್ಯಪಟ್ಟರು. ಸ್ವಲ್ಪ ತತ್ತಿಯ ವಾಸನೆ ಬಂತು, ಅದಕ್ಕೆ ಹಿರಿಯರು ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಮುದುಕನನ್ನು ಸಂಶಯದಿಂದ ನೋಡಿದರು. ಉರುಕುಂದಪ್ಪ ಅಳಿಯನಿಗೆ ಕುರ್ಚಿ ತರಿಸಿದ. ತಾಯಪ್ಪ ಕೂರಲಿಲ್ಲ. ಮದುಮಕ್ಕಳ ಮುಂದೆ ದೊಡ್ಡಪ್ಪನನ್ನು ಇಟ್ಟು, ಎಲ್ಲರಿಗೂ ಕಾಣುವಂತೆ ಸುರಾಹಿಯ ಮೇಣ ಬಿಡಿಸಿದ.

“ಇದು ಮೊದಲಿಂದು,” ಅಂದ. “ಎಲ್ಲಾದರಕಿಂತ ಅಸಲ್. ಮದಮಕ್ಕಳ ಸಲುವಾಗಿ ಎತ್ತಿಟ್ಟದ್ದು.”

ಸುರಿದ. ಸ್ಪಿರಿಟ್ ಹಚ್ಚಿದ. ಪಂಪು ಹೊಡೆದ. ದೊಡ್ಡಪ್ಪ ತಟ್ಟನೆ ಹೊತ್ತಿಕೊಂಡ, ಬೆಳಕು ಹಂದರದ ತುಂಬ ಚೆಲ್ಲಿತು, ಜನ ಹೋ ಎಂದರು. ತಾಯಪ್ಪನ ಕಣ್ಣು ಜನರ ನಡುವೆ ಕನಕಮ್ಮನನ್ನು ಹುಡುಕಿತು. ಅವಳು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು, ಅವನನ್ನು ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ ಬತ್ತಿಯ ಸದ್ದು ಕೇಳುತ್ತಿದ್ದಳು.

ಎಷ್ಟು ವರ್ಷ ಆ ಬತ್ತಿಯನ್ನು ತಲೆಯ ಮೇಲೆ ಹೊತ್ತವಳು ಅವಳು. ಅದರ ಉಸಿರು ಅವಳಿಗೆ ಗೊತ್ತು. ಇವತ್ತು ಅದು ಸುಯ್ ಅನ್ನುತ್ತಿರಲಿಲ್ಲ, ಗಟ ಗಟ ಎಂದು ನುಂಗುತ್ತಿತ್ತು. ಮರುಗಳಿಗೆಗೆ ಬಲೆಯ ಚೀಲ ಹರಿದು ಉರಿ ಆಳುದ್ದ ಮೇಲೆದ್ದಿತು. ತೋರಣದ ಮಾವಿನೆಲೆ ಚಟಪಟ ಅಂದವು. ಮದುಮಗನ ಬಾಸಿಂಗದ ತುದಿ ಸುಟ್ಟಿತು. ಬತ್ತಿಯ ಹೊಟ್ಟೆಯ ಸುತ್ತಲೂ ನೀಲಿ ಬೆಂಕಿ ಸುತ್ತಿಕೊಂಡಿತು. ಎಲ್ಲರೂ ಹಿಂದಕ್ಕೆ ಸರಿದರು, ಒಬ್ಬ ನೀರಿನ ಕೊಡ ಎತ್ತಿದ.

“ನೀರು ಬ್ಯಾಡ,” ಅಂದಳು ಕನಕಮ್ಮ. ದನಿ ಏರಿಸಲಿಲ್ಲ.

ಬಂದವಳೇ ಆ ಕೊಡದಲ್ಲಿ ಸೆರಗು ಅದ್ದಿ ಕೈಗೆ ಸುತ್ತಿ, ಬತ್ತಿಯ ಹಿಡಿಕೆ ಹಿಡಿದು ಎತ್ತಿದಳು. ಮೆರವಣಿಗೆಯಲ್ಲಿ ನಡೆದಂತೆಯೇ ನಡೆದಳು, ಓಡದೆ, ಕತ್ತು ಅಲುಗಿಸದೆ. ಜನ ದಾರಿ ಬಿಟ್ಟರು. ಹಂದರದ ಹಿಂದೆ ಕಂಬ ನೆಡಲು ಮಣ್ಣು ತೆಗೆದ ಗುಂಡಿಯಿತ್ತು. ದೊಡ್ಡಪ್ಪನನ್ನು ಅದರೊಳಗಿಟ್ಟು ಕಾಲಿ‌ನಿಂದ ಎರೆಮಣ್ಣು ತಳ್ಳಿದಳು. ಬೆನ್ನ ಹಿಂದೆಯೇ ಓಡಿ ಬಂದ ತಾಯಪ್ಪ ಬೊಗಸೆಯಿಂದ ಮಣ್ಣು ಹಾಕಿದ. ಒಳಗೆ ಧಪ್ ಎಂದಿತು, ಮಣ್ಣು ಒಮ್ಮೆ ಮೇಲೆದ್ದು ಕೂತಿತು, ಅಷ್ಟೇ.

ಉರುಕುಂದಪ್ಪ ಬಂದು ಗುಂಡಿಯೊಳಗೆ ಬಗ್ಗಿ ನೋಡಿದ.

“ಬೆಳಕು ಭಾಳ ಆತು, ಅಳಿಯಂದ್ರ,” ಅಂದ.

ಕರಿ ಎಣ್ಣೆಯಿಂದ ಮೊದಲು ಇಳಿಯುವುದು ಮೋಟಾರಿಗೆ ಹಾಕುವ ಪೆಟ್ರೋಲೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೀಗರು ಹೆದರಿ ಉಳಿದ ನಾಲ್ಕು ಬತ್ತಿಗಳನ್ನೂ ಆರಿಸಿಬಿಟ್ಟರು. ಅವುಗಳದೇನೂ ತಪ್ಪಿರಲಿಲ್ಲ, ಆದರೆ ಅದನ್ನು ಹೇಳುವ ಬಾಯಿ ತಾಯಪ್ಪನಿಗೆ ಎಲ್ಲಿಂದ ಬರಬೇಕು. ದುರುಗಮ್ಮನ ಅಕ್ಷತೆ ಔಡಲೆಣ್ಣೆಯ ದೀವಟಿಗೆಯ ಬೆಳಕಿನಲ್ಲಿ, ಎಲ್ಲರ ಅಜ್ಜಂದಿರದು ಆದ ಹಾಗೆಯೇ ಆಯಿತು. ಅಕ್ಕಿಕಾಳು ಬಿದ್ದವು, ಬಾಜಾ ಊದಿದರು, ಎಲ್ಲರೂ ಉಂಡರು. ತಾಯಪ್ಪ ಬಂಡಿಯ ಕೆಳಗೆ ಮಲಗಿದ. ನಿದ್ದೆ ಬರಲಿಲ್ಲ. ಬತ್ತಿಯೂ ಹೋಯಿತು, ಮಾನವೂ ಹೋಯಿತು, ಇನ್ನು ಇವಳು ಯಾವ ಮುಖ ನೋಡಿ ಬರುತ್ತಾಳೆ ಎಂದು ಮಗ್ಗುಲು ಬದಲಿಸುತ್ತಲೇ ಇದ್ದ.

ಬೆಳಕು ಹರಿಯುತ್ತಲೇ, ಯಾರಿಗೂ ಮುಖ ತೋರಿಸದೆ ಹೊರಡೋಣವೆಂದು ಎತ್ತು ಹೂಡಲು ಎದ್ದ. ಬಂಡಿಯೊಳಗೆ ಬತ್ತಿಗಳ ನಡುವೆ ಕನಕಮ್ಮ ಕೂತಿದ್ದಳು. ಪಕ್ಕದಲ್ಲಿ ಸೀರೆ ಗಂಟು. ಮಡಿಲಲ್ಲಿ ಮಣ್ಣು ಮೆತ್ತಿದ, ಬುರುಡೆ ಸೊಟ್ಟಗಾದ ದೊಡ್ಡಪ್ಪ. ಬಲ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

ತಾಯಪ್ಪ ಏನೂ ಕೇಳಲಿಲ್ಲ. ಕೇಳಿದರೆ ಇಳಿದುಬಿಟ್ಟಾಳೆಂಬ ಭಯ. ಎತ್ತು ಹೂಡಿ, ಮೂಕಿ ಹತ್ತಿ ಹಗ್ಗ ಹಿಡಿದ. ನಾಲ್ಕನೆಯ ಎಣ್ಣೆ ಹಾಕಿದ್ದರಿಂದ ಅಚ್ಚು ಕಿರುಗುಟ್ಟಲಿಲ್ಲ. ಸದ್ದೇ ಇಲ್ಲದೆ ಬಂಡಿ ಊರು ದಾಟಿ ಹಳ್ಳಕ್ಕೆ ಇಳಿಯಿತು.

“ಏನು ಹಾಕಿದ್ರಿ ಅದರಾಗ?” ಅಂದಳು ಕನಕಮ್ಮ ಹಿಂದಿನಿಂದ.

“ಏನೂ ಹಾಕಿಲ್ಲ,” ಅಂದ ತಾಯಪ್ಪ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: “ತಗದೀನಿ.”

“ಎದರಾಗಿಂದ?”

“ವಿರೂಪಣ್ಣನ ಎಂಜಿನ್ ಎಣ್ಣಿಯೊಳಗಿಂದ. ಅದಕ್ಕ ನಾಯಿ ಅಂಟಿಕೊಂಡಿತ್ತಂತ.”

“ನಾಯಿ?”

“ನಾಕು ಮಂದಿ ಹಿಡದು ಜಗ್ಗಿದ್ರಂತ.”

ಹಿಂದಿನಿಂದ ಒಂದು ಸಣ್ಣ ಸದ್ದು ಬಂತು. ತಾಯಪ್ಪನಿಗೆ ಅದು ಯಾವ ಸದ್ದೆಂದು ನೆನಪಾಯಿತು. ಎಷ್ಟೋ ಮೆರವಣಿಗೆಗಳಲ್ಲಿ ಪಕ್ಕದಲ್ಲಿ ನಡೆಯುತ್ತ ಕೇಳಿದ್ದು. ಅವನು ತಿರುಗಲಿಲ್ಲ. ಎತ್ತಿನ ಬಾಲ ನೋಡುತ್ತ ಪೀಪಾಯಿಯ ವಿಷಯ ಹೇಳಿದ. ಬೇಗಂ ಕಣ್ಣುಮುಚ್ಚಿ ಮೂಸಿದ್ದು, ಎತ್ತುಗಳು ಮುಖ ತಿರುಗಿಸಿದ್ದು, ಮೊಹಲ್ಲಾದ ಮಂದಿಯನ್ನು ಅವರು ಒಬ್ಬೊಬ್ಬರನ್ನಾಗಿ ಗುರುತು ಹಿಡಿದದ್ದು ಹೇಳಿದ. ಬೀಸುಕಲ್ಲಿನ ಮೇಲೆ ತಾನು ಕೂರಲು ಹೋದದ್ದು ಹೇಳಿದಾಗ ಬಂಡಿಯೇ ಅಲುಗಾಡಿತು. ಎರಡನೆಯದು ಹತ್ತಿಕೊಂಡಾಗ ಅತ್ತದ್ದನ್ನೂ ಹೇಳಿದ, ಮುಚ್ಚಿಡಲಿಲ್ಲ.

“ಮೊದಲಿಂದು ಛಲೋ ಅಂತ ತಿಳಕೊಂಡ್ವಿ ಇಬ್ಬರೂ. ಆ ಯವ್ವನ ದೇಗು ಹೋತು. ಇನ್ನ ಗುಲಾಬಿ ಬಂದ್ರೂ ಇಳಿಸಾಕ ಆಗಂಗಿಲ್ಲ.” ಅವನು ಹಗ್ಗ ಜಗ್ಗಿ ಎತ್ತುಗಳನ್ನು ದಾರಿಗೆ ತಂದ. “ನಿನ್ನ ಕರಕೊಂಡು ಬಾ ಅಂದಾಳ.”

“ಹೋಗೂನಂತ. ಹುಣಸಿಹಣ್ಣು ಹಚ್ಚಿ ನಾನೂ ತಿಕ್ತೀನಿ. ತಿಕ್ಕೋದು ಒಂದು ವರ್ಷ ನೋಡೀನಿ, ಕಲಿತೀನಿ.”

ಸಿರವಾರ ಬಂತು. ಎತ್ತಿಗೆ ನೀರು ಕುಡಿಸಿ, ಬೇವಿನ ಮರದ ಕೆಳಗೆ ಬಂಡಿ ನಿಲ್ಲಿಸಿ, ತಾಯಪ್ಪ ಅವಳ ಕೈಯ ಬಟ್ಟೆ ಬಿಚ್ಚಿದ. ಅಂಗೈಗೆ ಅಡ್ಡಲಾಗಿ ಬತ್ತಿಯ ಹಿಡಿಕೆಯ ಗುರುತು ಕೆಂಪಗೆ ಎದ್ದಿತ್ತು. ಅವನು ಕೀಲೆಣ್ಣೆಯ ಗೊಟ್ಟದಿಂದ ಹೆಪ್ಪುಗಟ್ಟಿದ ಎಣ್ಣೆಯನ್ನು ಬೆರಳಲ್ಲಿ ತೆಗೆದು, ಹಚ್ಚಲೋ ಬೇಡವೋ ಎಂದು ಹಿಡಿದುಕೊಂಡೇ ನಿಂತ.

“ಏನದು?”

“ಬಂಡಿಗಿ ಹಚ್ಚೋದು. ನಾಕನೇದು.”

“ಬಂಡಿಗಿ ಆಗ್ತದಂದ್ರ ನನಗೂ ಆಗ್ತದ. ಹಚ್ಚರಿ.”

ಮೆಲ್ಲಗೆ ಹಚ್ಚಿದ. ಅವಳು ಹಲ್ಲು ಕಚ್ಚಿ ತಡೆದುಕೊಂಡಳು. ಬಟ್ಟೆ ಸುತ್ತಿ ಕಟ್ಟಿದ ಮೇಲೆ ಇಬ್ಬರೂ ಬಂಡಿಗೆ ಒರಗಿ ನಿಂತರು. ತಾಯಪ್ಪನ ಮುಖ ಮತ್ತೆ ಅದೇ ಹಳೆಯ ಮುಖವಾಗತೊಡಗಿತು. ಬಾಯಿ ಮುಚ್ಚಿತು, ಕಣ್ಣು ಸೊಟ್ಟಗಾದ ಬತ್ತಿಯ ಮೇಲೆ ಹೋಯಿತು.

“ನಾಕನೇದು ಅಂದ್ರಿ,” ಅಂದಳು ಕನಕಮ್ಮ.

“ಹೂಂ.”

“ಮೊದಲಿಂದು ಹೇಳಿದ್ರಿ, ಎರಡನೇದು ಹೇಳಿದ್ರಿ. ಮೂರನೇದು ಹೇಳಲೇ ಇಲ್ಲ.”

ತಾಯಪ್ಪ ಬತ್ತಿಯಿಂದ ಕಣ್ಣು ಕಿತ್ತು ಅವಳನ್ನು ನೋಡಿದ.

“ಮೂರನೇದು ಹಸರು ಇತ್ತು,” ಅಂದ. “ಬಿಸಿಲಿಗಿ ಹಿಡದ್ರ ಅಂಚಿನ್ಯಾಗ ನೀಲಿ ಕಾಣ್ತಿತ್ತು. ಅದನ್ನ ನೋಡಿದಾಗ ನೀ ಇರಬೇಕಿತ್ತು ಅನ್ನಿಸ್ತು.”

ಕನಕಮ್ಮ ಬಂಡಿ ಹತ್ತಿದಳು. ಈ ಸಲ ಹಿಂದೆ ಹೋಗಲಿಲ್ಲ, ಅವನ ಪಕ್ಕದಲ್ಲಿ ಮುಂದೆಯೇ ಕೂತಳು. ಮಾನ್ವಿ ಇನ್ನೂ ದೂರವಿತ್ತು.